ಚರ್ಮದ ಹೊದಿಕೆಯ ಹಳೆಯ ಇಂಗ್ಲಿಷ್ ಕಾವ್ಯ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹನ್ನೆರಡು ವರ್ಷ ಇದ್ದೆ. ಆಗ ಸೇರಿಸಿದ್ದು ಇನ್ನೂರು ಚಿಲ್ಲರೆ ಪುಸ್ತಕ. ಎಲ್ಲವೂ ಇಂಗ್ಲಿಷ್ ಕಾವ್ಯ, ಬಹುಪಾಲು ಚರ್ಮದ ಹೊದಿಕೆಯವು. ಈಗ ಅವು ನನ್ನ ಜೊತೆ ಮೈಸೂರಿನಲ್ಲಿವೆ. ಮನೆಗೆ ಬಂದವರು ಕೇಳಿದ್ದು, ಕಾಗದ ಬರೆದವರು ಕೇಳಿದ್ದು, ಹೊರಟು ಗೇಟಿನ ಹತ್ತಿರ ನಿಂತು ಕೇಳಿದ್ದು, ಎಲ್ಲಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

ಅದೇ ಕವಿತೆ ಫೋನಿನಲ್ಲಿ ಪುಕ್ಕಟೆ ಸಿಗುತ್ತೆ. ಹಳೇ ಪುಸ್ತಕ ಯಾಕೆ ಮೇಡಂ?

ಕವಿತೆ ಅದೇ, ನಿಜ. ಪುಸ್ತಕ ಮಾತ್ರ ಬೇರೆ.

1820ರ ದಶಕದವರೆಗೆ ಇಂಗ್ಲೆಂಡಿನಲ್ಲಿ ಪುಸ್ತಕದ ಅಂಗಡಿಯವರು ಹೆಚ್ಚಾಗಿ ಪುಸ್ತಕವನ್ನು ಬರೀ ಕಾಗದ ಅಂಟಿಸಿದ ರಟ್ಟಿನಲ್ಲಿ ಮಾರುತ್ತಿದ್ದರು. ಕೆಲವು ಸಲ ರಟ್ಟೂ ಇಲ್ಲದ ಬಿಡಿ ಹಾಳೆಗಳು. ಕೊಂಡವರು ಅದನ್ನು ಬೈಂಡರ್ ಹತ್ತಿರ ಒಯ್ಯಬೇಕಿತ್ತು. ಯಾವ ಚರ್ಮ, ಯಾವ ಬಣ್ಣ, ಬೆನ್ನಿನ ಮೇಲೆ ಎಷ್ಟು ಚಿನ್ನ, ಎಲ್ಲ ಅವರೇ ಹೇಳಬೇಕಿತ್ತು. ಹಾಗಾಗಿ ಒಂದೇ ವರ್ಷ, ಒಂದೇ ಮುದ್ರಣಾಲಯದಲ್ಲಿ ಅಚ್ಚಾದ ಎರಡು ಮಿಲ್ಟನ್ ಪ್ರತಿಗಳು ಹೊರಗಿನಿಂದ ಒಂದೇ ಥರ ಕಾಣುವುದಿಲ್ಲ. ಒಂದು ಹಳ್ಳಿಯ ಪಾದ್ರಿಯ ಸಾದಾ ಕಂದು ಪುಸ್ತಕ. ಇನ್ನೊಂದು ಜಮೀನ್ದಾರನ ಕೆಂಪು ಮೊರಾಕೊ, ಅಂದರೆ ಮೇಕೆ ಚರ್ಮ.

ಅಂದರೆ ನಿಮ್ಮ ಕೈಯಲ್ಲಿರುವ ಚರ್ಮ ಪ್ರಕಾಶಕರದ್ದಲ್ಲ, ಮೊದಲ ಓದುಗರದ್ದು. ಈ ಕವಿತೆಗೆ ಎಷ್ಟು ಖರ್ಚು ಮಾಡಬಹುದು ಅಂತ ಒಬ್ಬ ಮನುಷ್ಯ ಯೋಚಿಸಿದ್ದ. ಆ ಯೋಚನೆ ಅಲ್ಲಿ ಕಾಣುತ್ತದೆ. ನನಗೆ ಬೇಕಾದದ್ದು ಅದು.

ಯಾವ ಕವಿಯಿಂದ ಶುರು ಮಾಡಲಿ?

ನಿಮಗೆ ನಾಲ್ಕು ಸಾಲು ಬಾಯಿಪಾಠ ಬರುವ ಕವಿಯಿಂದ. ಓದದ ಕವಿಯ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಬೀರುವಿನಲ್ಲಿ ಸುಮ್ನೆ ಕೂತಿರುತ್ತದೆ.

ಸುಲಭವಾಗಿ ಸಿಗುವವರು ಕೌಪರ್, ಬೈರನ್, ಸ್ಕಾಟ್, ಟೆನಿಸನ್. ಅವರ ಕಾಲದಲ್ಲೇ ಜನ ಅವರನ್ನು ಅಷ್ಟು ಓದಿದ್ದರು. ಬೈರನ್‌ನ 'ದಿ ಕೋರ್ಸೇರ್' 1814ರಲ್ಲಿ ಬಂದ ಮೊದಲ ದಿನವೇ 10,000 ಪ್ರತಿ ಹೋಯಿತು. ಪ್ರಕಾಶಕ ಜಾನ್ ಮರ್ರಿ 1832-33ರಲ್ಲಿ ತಂದ 17 ಸಂಪುಟಗಳ ಬೈರನ್ ಇಂದಿಗೂ ಚರ್ಮದ ಹೊದಿಕೆಯಲ್ಲಿ ಸಾಕಷ್ಟು ಸಿಗುತ್ತದೆ. ಮಿಲ್ಟನ್‌ನಂತೂ ಪ್ರತಿ ತಲೆಮಾರೂ ಮತ್ತೆ ಮತ್ತೆ ಅಚ್ಚು ಹಾಕಿದೆ. ಕೀಟ್ಸ್ ಬದುಕಿದ್ದಾಗ ಬಂದ ಮೂರು ಪುಸ್ತಕಗಳು (1817, 1818, 1820) ನಮ್ಮಂಥವರ ಕೈಗೆ ಎಟುಕುವುದಿಲ್ಲ. ನಂತರದ ಮುದ್ರಣಗಳು ಎಟುಕುತ್ತವೆ.

ಒಬ್ಬ ಕವಿ ಅಂತ ತೀರ್ಮಾನ ಆಗದಿದ್ದರೆ ಪಾಲ್‌ಗ್ರೇವ್ ಸಂಪಾದಿಸಿದ 'ಗೋಲ್ಡನ್ ಟ್ರೆಜರಿ' ಕೊಳ್ಳಿ, ಹಲವು ಕವಿಗಳ ಆಯ್ದ ಕವಿತೆಗಳ ಸಂಕಲನ ಅದು. 1861ರಲ್ಲಿ ಮೊದಲು ಬಂತು. ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಓದಿದವರಿಗೆ ಅದರಲ್ಲಿ ಪರಿಚಯದ ಮುಖಗಳು ಬೇಕಾದಷ್ಟು ಸಿಗುತ್ತವೆ. ಅಂಗೈ ಅಗಲದ ಚರ್ಮದ ಪ್ರತಿಗಳೂ ಇವೆ.

ತುಂಬಾ ದುಡ್ಡು ಬೇಕಲ್ವಾ?

ಇಲ್ಲ. ನನ್ನ ಮೊದಲ ಪುಸ್ತಕಕ್ಕೆ ನಾನು ಕೊಟ್ಟದ್ದು 9 ಪೌಂಡ್. ಕವಿ ರಾಬರ್ಟ್ ಸೌದಿ ಸಂಪಾದಿಸಿದ 15 ಸಂಪುಟಗಳ ಕೌಪರ್ ಸೆಟ್‌ನ (1835-37) ಒಂದು ಬಿಡಿ ಸಂಪುಟ ಅದು. ಒಡೆದ ಸೆಟ್‌ನ ಬಿಡಿ ಸಂಪುಟಗಳು ಯಾವಾಗಲೂ ಅಗ್ಗ, ಓದುವವರಿಗೆ ವರ. ವಿಕ್ಟೋರಿಯಾ ಕಾಲದ ಒಂದೇ ಸಂಪುಟದ ಟೆನಿಸನ್, ಲಾಂಗ್‌ಫೆಲೋ, ವರ್ಡ್ಸ್‌ವರ್ತ್ ಪ್ರತಿಗಳಿಗೆ ನಾನು 10ರಿಂದ 30 ಪೌಂಡ್ ಕೊಟ್ಟಿದ್ದೇನೆ. ಬೆಲೆ ಏರುವುದು ಮೊದಲ ಮುದ್ರಣ, ಹೆಸರಾಂತ ಬೈಂಡರ್, ಹೆಸರಾಂತ ಮಾಲೀಕರು, ಈ ಮೂರರಿಂದ. ವಯಸ್ಸಿನಿಂದ ಅಷ್ಟಾಗಿ ಏರುವುದಿಲ್ಲ. 1780ರ ಪುಸ್ತಕ 1880ರದ್ದಕ್ಕಿಂತ ಅಗ್ಗವಾಗಿ ಸಿಕ್ಕಿದ್ದೂ ಇದೆ.

ಇದೆಲ್ಲ ಕರುವಿನ ಚರ್ಮ ಅಲ್ವಾ? ನಮ್ಮನೇಲಿ ಅಮ್ಮ ಒಪ್ಪಲ್ಲ.

ಇದನ್ನು ಹಿಂಜರಿಯುತ್ತಾ ಕೇಳುತ್ತಾರೆ. ಹಿಂಜರಿಯಬೇಕಿಲ್ಲ, ನಮ್ಮತ್ತೆಯವರೂ ಮೊದಲು ಕೇಳಿದ್ದು ಇದನ್ನೇ.

ಎಲ್ಲವೂ ಕರುವಿನದ್ದಲ್ಲ. ಕಾಫ್ ಅಂತ ಬರೆದಿದ್ದರೆ ಕರು. ಮೊರಾಕೊ ಅಂದರೆ ಮೇಕೆ. ರೋನ್ ಅಂದರೆ ಕುರಿ. ರಷ್ಯಾ ಅಂತ ಬರೆದಿದ್ದರೆ ದನದ ಚರ್ಮ. ಅದನ್ನು ಬರ್ಚ್ ಮರದ ಎಣ್ಣೆ ಹಾಕಿ ಹದ ಮಾಡುತ್ತಿದ್ದರು, ವಾಸನೆಯಲ್ಲೇ ಗೊತ್ತಾಗುತ್ತದೆ. ವೆಲಮ್ ಅಂದರೆ ಹದ ಮಾಡದೆ ಎಳೆದು ಒಣಗಿಸಿದ ತೊಗಲು, ಅದು ಕರು, ಮೇಕೆ, ಕುರಿ ಯಾವುದರದ್ದಾದರೂ ಇರಬಹುದು. ಕಾಫ್ ನುಣ್ಣಗೆ, ಗೆರೆಯಿಲ್ಲದೆ ಇರುತ್ತದೆ. ಮೊರಾಕೊ ಮೇಲೆ ಸಣ್ಣ ಸಣ್ಣ ಉಬ್ಬು ಕೈಗೆ ಸಿಗುತ್ತವೆ. ಒಂದು ಎಚ್ಚರಿಕೆ: ಕುರಿ ಚರ್ಮದ ಮೇಲೆ ಅಚ್ಚೊತ್ತಿ ಮೊರಾಕೊ ಥರ ಕಾಣಿಸಿದ್ದೂ ಇದೆ.

ಕಾಫ್ ಬೇಡ ಅಂದರೆ ಮೊರಾಕೊ ಮಾತ್ರ ಸೇರಿಸಬಹುದು. ಅಥವಾ ಚರ್ಮವೇ ಇಲ್ಲದ, 1830ರ ನಂತರದ ಬಟ್ಟೆ ಹೊದಿಕೆಯ ಪುಸ್ತಕಗಳನ್ನು ಸೇರಿಸಬಹುದು. ಅದೂ ದೊಡ್ಡ ಲೋಕವೇ. ನಮ್ಮ ಮನೆಯಲ್ಲಿ ಈ ಬೀರುಗಳು ದೇವರ ಕೋಣೆಯಿಂದ ದೂರ, ಮಹಡಿ ಮೇಲಿವೆ. ಅತ್ತೆಯವರ ಮಾತಿಗೆ ಅಷ್ಟು ಬೆಲೆ ಕೊಡುವುದು ನನಗೆ ಕಷ್ಟ ಅನ್ನಿಸಲಿಲ್ಲ.

ಕ್ಯಾಟಲಾಗಿನಲ್ಲಿ ಬರೆದಿರೋದು ಒಂದೂ ಅರ್ಥ ಆಗಲ್ಲ. ಸ್ವಲ್ಪ ಬಿಡಿಸಿ ಹೇಳ್ತೀರಾ?

ಫುಲ್ ಅಂದರೆ ಪೂರ್ತಿ ಚರ್ಮ. ಹಾಫ್ ಅಂದರೆ ಬೆನ್ನು ಮತ್ತು ಮೂಲೆಗಳಿಗೆ ಮಾತ್ರ ಚರ್ಮ, ಉಳಿದದ್ದು ಕಾಗದ ಅಥವಾ ಬಟ್ಟೆ. ಕ್ವಾರ್ಟರ್ ಅಂದರೆ ಬೆನ್ನಿಗೆ ಮಾತ್ರ. ಬೆನ್ನಿನ ಅಡ್ಡ ಉಬ್ಬುಗಳು ಬ್ಯಾಂಡ್‌ಗಳು. ಹೊಲಿಗೆಯ ದಾರ ಹಾದುಹೋಗುವ ಹುರಿಗಳಿಂದ ಆ ಉಬ್ಬು ಬರುತ್ತದೆ, ಕೆಲವು ಸಲ ಬರೀ ಅಲಂಕಾರಕ್ಕೆ ಅಂಟಿಸಿರುತ್ತಾರೆ. ರಟ್ಟು ಬೆನ್ನಿಗೆ ಸೇರುವ ಹೊರಗಿನ ಕೀಲು ಜಾಯಿಂಟ್, ಒಳಗಿನದು ಹಿಂಜ್. ಎ.ಇ.ಜಿ. ಅಂದರೆ ಮೂರೂ ಅಂಚಿಗೆ ಚಿನ್ನ, ಟಿ.ಇ.ಜಿ. ಅಂದರೆ ಮೇಲಂಚಿಗೆ ಮಾತ್ರ. ಮೇಲಂಚಿನ ಚಿನ್ನ ಬರೀ ಚೆಂದಕ್ಕಲ್ಲ, ದೂಳು ಒಳಗೆ ಇಳಿಯದಂತೆಯೂ ತಡೆಯುತ್ತದೆ. ಫಾಕ್ಸಿಂಗ್ ಅಂದರೆ ಹಾಳೆಯ ಮೇಲಿನ ಕಂದು ಚುಕ್ಕೆ. ರೀಬ್ಯಾಕ್ಡ್ ಅಂದರೆ ಬೆನ್ನು ಹೊಸದು, ರಟ್ಟು ಹಳೆಯದು.

ಟ್ರೀ ಕಾಫ್ ಅಂತ ಕಂಡರೆ ಒಮ್ಮೆ ನೋಡಲೇಬೇಕು. ರಟ್ಟನ್ನು ಓರೆಯಾಗಿ ಇಟ್ಟು ನೀರು ಹರಿಸಿ, ಅದರ ಮೇಲೆ ಕಬ್ಬಿಣದ ಲವಣ ಮತ್ತು ಕ್ಷಾರದ ಹನಿ ಬಿಡುತ್ತಿದ್ದರು. ಅದು ಹರಿದು ಚರ್ಮದ ಮೇಲೆ ಕೊಂಬೆ ಕೊಂಬೆಯಾಗಿ ಮರ ಮೂಡುತ್ತಿತ್ತು. ಎರಡು ರಟ್ಟಿನ ಮರ ಎಂದೂ ಒಂದೇ ಥರ ಇರುವುದಿಲ್ಲ.

## ಕೊಳ್ಳುವ ಮುಂಚೆ

ಪುಸ್ತಕದಲ್ಲಿ ಇಸವಿನೇ ಇಲ್ಲ. ಎಷ್ಟು ಹಳೇದು ಅಂತ ಗೊತ್ತು ಮಾಡೋದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು.

ಮೊದಲು ಇಸವಿ ನಿಜವಾಗಿಯೂ ಇಲ್ಲವಾ ನೋಡಿ. ಹಳೆಯ ಪುಸ್ತಕಗಳಲ್ಲಿ ಅದು ರೋಮನ್ ಅಂಕಿಗಳಲ್ಲಿ ಇರುತ್ತದೆ. ಅದನ್ನು ಬರೀ ಅಕ್ಷರಗಳ ಸಾಲು ಅಂದುಕೊಂಡು ದಾಟಿ ಹೋಗುತ್ತೇವೆ.

ನಂತರ ಅಕ್ಷರ ನೋಡಿ. ಪದದ ನಡುವಿನ 'ಎಸ್' ಅಕ್ಷರ 'ಎಫ್' ಥರ ಉದ್ದವಾಗಿದ್ದರೆ ಪುಸ್ತಕ ಬಹುತೇಕ 1800ಕ್ಕಿಂತ ಹಳೆಯದು. ಲಂಡನ್ನಿನ ಪ್ರಕಾಶಕ ಜಾನ್ ಬೆಲ್ 1780ರ ದಶಕದಲ್ಲೇ ಅದನ್ನು ಕೈಬಿಟ್ಟಿದ್ದ. 1800ರ ಹೊತ್ತಿಗೆ ಉಳಿದವರೂ ಬಿಟ್ಟರು.

ಆಮೇಲೆ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದು ಅಂಗುಲಕ್ಕೊಂದರಂತೆ ಉದ್ದ ಗೆರೆ, ಅವುಗಳ ನಡುವೆ ಒತ್ತೊತ್ತಾಗಿ ಸಣ್ಣ ಗೆರೆ ಕಂಡರೆ ಅದು ಲೇಡ್ ಕಾಗದ. ತಂತಿಯ ಅಚ್ಚಿನ ಗುರುತು ಅದು. ಗೆರೆಯಿಲ್ಲದ ವೋವ್ ಕಾಗದ ಇಂಗ್ಲಿಷ್ ಪುಸ್ತಕಕ್ಕೆ ಬಂದದ್ದು ಬರ್ಮಿಂಗ್‌ಹ್ಯಾಮಿನ ಮುದ್ರಕ ಬಾಸ್ಕರ್‌ವಿಲ್ 1757ರಲ್ಲಿ ಅಚ್ಚು ಹಾಕಿದ ಲ್ಯಾಟಿನ್ ಕವಿ ವರ್ಜಿಲ್‌ನ ಪುಸ್ತಕದಲ್ಲಿ. 1794ರಿಂದ ಈಚೆಗೆ ಸುಂಕದ ಕಾನೂನಿನ ಕಾರಣ ಎಷ್ಟೋ ಕಾಗದದ ಗಿರಣಿಗಳು ನೀರಚ್ಚಿನಲ್ಲೇ (ವಾಟರ್‌ಮಾರ್ಕ್) ಇಸವಿ ಹಾಕಿದವು. ನೀರಚ್ಚಿನಲ್ಲಿ 1806 ಕಂಡರೆ ಪುಸ್ತಕ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ, ಅಲ್ವಾ?

ವಿಕ್ಟೋರಿಯಾ ಕಾಲದ ಪ್ರಕಾಶಕರು ಅಗ್ಗದ ಕಾವ್ಯ ಮಾಲೆಗಳಿಗೆ ಇಸವಿ ಹಾಕುತ್ತಲೇ ಇರಲಿಲ್ಲ. ಹಾಕದಿದ್ದರೆ ಪುಸ್ತಕ ಹಳೆಯದಾಗುವುದಿಲ್ಲ ಅನ್ನುವ ವ್ಯಾಪಾರದ ಲೆಕ್ಕ. ಅಲ್ಲಿ ಹೆಸರುಗಳು ಸಹಾಯ ಮಾಡುತ್ತವೆ. ಆಕ್ಸ್‌ಫರ್ಡ್ ಕವಿಗಳ ಮಾಲೆಯಲ್ಲಿ ಪ್ರಕಾಶಕನ ಹೆಸರು ಹೆನ್ರಿ ಫ್ರೌಡ್ ಅಂತ ಇದ್ದರೆ 1913ಕ್ಕೆ ಮುಂಚಿನದು. ಹಂಫ್ರಿ ಮಿಲ್ಫರ್ಡ್ ಅಂತ ಇದ್ದರೆ 1913ರಿಂದ 1945ರ ಒಳಗಿನದು.

ಕಡೆಗೆ ಮಾಲೀಕರ ಕೈಬರಹ. 'ಕ್ರಿಸ್‌ಮಸ್ 1874' ಅಂತ ಯಾರೋ ಬರೆದು ಕೊಟ್ಟಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಎಲ್ಲಿ ಹುಡುಕಬೇಕು?

ಇಂಗ್ಲೆಂಡಿಗೆ ಹೋಗುವವರಿಗೆ ನಾನು ಹೇಳುವುದು ಸೆಪ್ಟೆಂಬರ್‌ನಲ್ಲಿ ಯಾರ್ಕ್‌ನ ಕುದುರೆ ರೇಸ್ ಮೈದಾನದಲ್ಲಿ ನಡೆಯುವ ಪುಸ್ತಕ ಮೇಳ. ದೇಶದ ಎಲ್ಲ ಕಡೆಯ ಹಳೆ ಪುಸ್ತಕದವರು ಒಂದೇ ಸೂರಿನಡಿ ಸಿಗುತ್ತಾರೆ. ಕೈಗೆತ್ತಿ ನೋಡಬಹುದು, ಸಂಕೋಚವಿಲ್ಲದೆ ಕೇಳಬಹುದು. ಲಂಡನ್ನಿನಲ್ಲಿ ಚೇರಿಂಗ್ ಕ್ರಾಸ್ ರಸ್ತೆ ಪಕ್ಕದ ಸೆಸಿಲ್ ಕೋರ್ಟ್, ವೇಲ್ಸ್ ಗಡಿಯಲ್ಲಿ ಹೇ-ಆನ್-ವೈ ಊರು. ಸಣ್ಣ ಊರುಗಳ ಆಕ್ಸ್‌ಫ್ಯಾಮ್ ಪುಸ್ತಕದಂಗಡಿಗಳನ್ನೂ ಬಿಡಬೇಡಿ.

ಬೆಂಗಳೂರಿನಲ್ಲಾದರೆ ಬ್ರಿಗೇಡ್ ರಸ್ತೆಯ ಅಡ್ಡರಸ್ತೆಯಲ್ಲಿ ಸೆಲೆಕ್ಟ್ ಬುಕ್ ಶಾಪ್. 1945ರಿಂದ ಇದೆ. ಅವೆನ್ಯೂ ರಸ್ತೆಯಲ್ಲಿ ಈಗ ಪಠ್ಯಪುಸ್ತಕಗಳೇ ಜಾಸ್ತಿ, ಆದರೂ ಹಳೆ ಮನೆ ಖಾಲಿಯಾದಾಗ ಒಂದೊಂದು ರಾಶಿ ಬರುತ್ತದೆ. ತಾಳ್ಮೆ ಬೇಕು.

ಪುಸ್ತಕ ಪೂರ್ತಿ ಇದೆಯಾ ಅಂತ ಪರೀಕ್ಷೆ ಮಾಡೋದು ಹೇಗೆ?

ಪುಟ ಸಂಖ್ಯೆ ನೋಡಿದರೆ ಸಾಲದು. ಹಳೆಯ ಪುಸ್ತಕದಲ್ಲಿ ಕೆಲವು ಪುಟಗಳ ಕೆಳಗೆ ಸಣ್ಣ ಅಕ್ಷರ ಇರುತ್ತದೆ: ಎ, ಬಿ, ಸಿ. ಪ್ರತಿ ಅಕ್ಷರ ಒಂದು ಮಡಿಕೆಯ, ಅಂದರೆ ಒಟ್ಟಿಗೆ ಮಡಿಚಿ ಹೊಲಿದ ಹಾಳೆಗಳ ಕಟ್ಟಿನ ಗುರುತು, ಬೈಂಡರ್‌ಗೆ ಸಾಲು ತಪ್ಪದಿರಲಿ ಅಂತ ಹಾಕಿದ್ದು. ದೊಡ್ಡ ಹಾಳೆಯನ್ನು ಮೂರು ಸಲ ಮಡಿಚಿದ ಆಕ್ಟೇವೊ ಗಾತ್ರದಲ್ಲಿ ಸಾಮಾನ್ಯವಾಗಿ ಒಂದು ಮಡಿಕೆಗೆ ಎಂಟು ಹಾಳೆ. ಐ ಆದ ಮೇಲೆ ನೇರ ಕೆ ಬಂದರೆ ಗಾಬರಿ ಬೇಡ. ಮುದ್ರಕರು 23 ಅಕ್ಷರಗಳ ಹಳೆಯ ಲ್ಯಾಟಿನ್ ವರ್ಣಮಾಲೆ ಬಳಸುತ್ತಿದ್ದರು, ಅದರಲ್ಲಿ ಜೆ ಮತ್ತು ಡಬ್ಲ್ಯೂ ಇಲ್ಲ. ಯು ಮತ್ತು ವಿ ಎರಡಕ್ಕೂ ಸೇರಿ ಒಂದೇ.

ಶೀರ್ಷಿಕೆ ಪುಟಕ್ಕೂ ಮುಂಚೆ ಬರೀ ಪುಸ್ತಕದ ಹೆಸರಿರುವ ಒಂದು ಹಾಳೆ ಇರುತ್ತದೆ, ಹಾಫ್ ಟೈಟಲ್. ಬೈಂಡರ್‌ಗಳು ಅದನ್ನು ಎಷ್ಟೋ ಸಲ ಕಿತ್ತೆಸೆದಿದ್ದಾರೆ. ಕೊನೆಯ ಜಾಹೀರಾತಿನ ಹಾಳೆಗಳಿಗೂ ಅದೇ ಗತಿ.

ಚಿತ್ರಗಳನ್ನು ಒಂದೊಂದಾಗಿ ಎಣಿಸಿ. ನನಗೆ ಒಮ್ಮೆ 'ಸಂಪೂರ್ಣ' ಅಂತ ಮಾರಿದ ಬೈರನ್ ಸೆಟ್‌ನಲ್ಲಿ ಹೆಸರಾಂತ ಚಿತ್ರಕಾರ ಟರ್ನರ್ ಬಿಡಿಸಿದ ಚಿತ್ರಗಳಿದ್ದ ನಾಲ್ಕು ಹಾಳೆ ಇರಲಿಲ್ಲ. ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು, ಚೌಕಟ್ಟು ಹಾಕಿ ಮಾರಲು. ಮನೆಗೆ ತಂದು ಮೂರನೇ ದಿನ ಗೊತ್ತಾಯಿತು. ಅಂದು ಸಂಜೆ ಊಟ ಸೇರಲಿಲ್ಲ.

ಅಜ್ಜನ ಟ್ರಂಕಿನಲ್ಲಿ ಒಂದು ಟೆನಿಸನ್ ಸಿಕ್ಕಿದೆ. ಮೊದಲ ಪುಟದಲ್ಲಿ ಕಾಲೇಜಿನ ಬಹುಮಾನದ ಚೀಟಿ ಇದೆ. ಬೆಲೆ ಬರುತ್ತಾ?

ಪೇಟೆಯಲ್ಲಿ ದೊಡ್ಡ ಬೆಲೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಶಾಲೆಗಳು ಬಹುಮಾನಕ್ಕೆಂದೇ ಕಾವ್ಯ ಪುಸ್ತಕಗಳನ್ನು ಚರ್ಮದಲ್ಲಿ ಕಟ್ಟಿಸಿ, ಮೇಲ್ರಟ್ಟಿಗೆ ಶಾಲೆಯ ಲಾಂಛನ ಒತ್ತಿಸಿ ಕೊಡುತ್ತಿದ್ದವು. ಅಂಥವು ಸಾವಿರಾರು ಉಳಿದಿವೆ. ಅದೇ ಪದ್ಧತಿ ಇಲ್ಲಿಗೂ ಬಂತು.

ಆದರೆ ಆ ಚೀಟಿ ನೋಡಿ. ಯಾವ ಊರು, ಯಾವ ವರ್ಷ, ಯಾವ ವಿಷಯಕ್ಕೆ ಬಹುಮಾನ, ಪ್ರಿನ್ಸಿಪಾಲರ ಸಹಿ. ನಿಮ್ಮ ಅಜ್ಜ ಹುಡುಗನಾಗಿದ್ದಾಗಿನ ಒಂದು ದಿನ ಅಲ್ಲಿದೆ. ದಯವಿಟ್ಟು ಅದನ್ನು ಕೀಳಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸಿ.

## ಮನೆಗೆ ತಂದ ಮೇಲೆ

ಮುಟ್ಟಿದರೆ ಕೈಗೆ ಕೆಂಪು ಪುಡಿ ಅಂಟುತ್ತೆ. ಏನಿದು?

ರೆಡ್ ರಾಟ್ ಅನ್ನುತ್ತಾರೆ. ಚರ್ಮ ಹುಳಿಯಾಗಿ ಪುಡಿಯಾಗುವ ರೋಗ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಪುಸ್ತಕಗಳಲ್ಲಿ ಜಾಸ್ತಿ. ಅದಕ್ಕಿಂತ ನೂರು ವರ್ಷ ಹಳೆಯ ಚರ್ಮ ಗಟ್ಟಿಯಾಗಿ ಇರುತ್ತದೆ, ಇದು ಉದುರುತ್ತದೆ.

ಈ ಕಥೆಯಲ್ಲಿ ನಮ್ಮ ಕಡೆಯ ಒಂದು ಗಿಡವೂ ಇದೆ. 1900ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಇದನ್ನು ತಿಳಿಯಲು ಒಂದು ಸಮಿತಿ ಮಾಡಿತು. ಗ್ಯಾಸ್ ದೀಪದ ಹೊಗೆ ಒಂದು ಕಾರಣ ಅಂತ ಸಮಿತಿ ಹೇಳಿತು. ಇನ್ನೊಂದು ಕಾರಣ ಚರ್ಮ ಹದ ಮಾಡುವ ತೊಗಟೆ. ಸುಮ್ಯಾಕ್ ಎಲೆಯಿಂದ ಹದ ಮಾಡಿದ ಚರ್ಮ ಚೆನ್ನಾಗಿ ಬಾಳುತ್ತಿತ್ತು. ಭಾರತದಿಂದ ಬರುತ್ತಿದ್ದ ಅಗ್ಗದ ಮೇಕೆ, ಕುರಿ ಚರ್ಮವನ್ನು ಇಲ್ಲಿ ತಂಗಡಿ ತೊಗಟೆಯಿಂದ ಹದ ಮಾಡುತ್ತಿದ್ದರು. ಕೆಲವು ಕಡೆ ಆವರಿಕೆ ಅನ್ನುತ್ತೇವಲ್ಲ, ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಗಿಡ, ಅದೇ. ಬೇರೆ ಕೆಲಸಕ್ಕೆ ಆ ಚರ್ಮ ಒಳ್ಳೆಯದೇ. ಪುಸ್ತಕಕ್ಕೆ ಮಾತ್ರ ತೀರಾ ಕೆಟ್ಟದು, ವರ್ಷದೊಳಗೇ ಹಾಳಾಗಲು ಶುರುವಾಗುತ್ತದೆ ಅಂತ ಸಮಿತಿ ಬರೆಯಿತು. ಮೈಸೂರಿಗೆ ಬಂದ ಮೇಲೆ ತಂಗಡಿ ಹೂ ಕಂಡಾಗಲೆಲ್ಲ ನನ್ನ ಉದುರುವ ಸ್ಕಾಟ್ ಸೆಟ್ ನೆನಪಾಗುತ್ತದೆ.

ರೋಗ ಬಂದ ಚರ್ಮ ಮತ್ತೆ ಮೊದಲಿನಂತಾಗುವುದಿಲ್ಲ. ಪುಡಿ ಉದುರುವುದನ್ನು ನಿಲ್ಲಿಸಬಹುದು. ಕ್ಲೂಸೆಲ್ ಜಿ ಅನ್ನುವ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ತೆಳ್ಳಗೆ ಹಚ್ಚುತ್ತಾರೆ. ಚರ್ಮ ಸ್ವಲ್ಪ ಕಪ್ಪಾಗುತ್ತದೆ, ಹಾಗಾಗಿ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ. ಬೆಲೆಬಾಳುವ ಪುಸ್ತಕವಾದರೆ ನೀವೇ ಮಾಡಬೇಡಿ. ಆಮ್ಲವಿಲ್ಲದ ಕಾಗದದ ಹೊದಿಕೆ ಹಾಕಿಟ್ಟರೂ ಸಾಕು.

ಚರ್ಮಕ್ಕೆ ಎಣ್ಣೆ, ಪಾಲಿಶ್ ಹಚ್ಚಬೇಕಾ?

ಬೇಡ. ಹಿಂದೆ ದೊಡ್ಡ ಗ್ರಂಥಾಲಯಗಳೇ ಉಣ್ಣೆಯ ಜಿಡ್ಡು, ದೇವದಾರು ಎಣ್ಣೆ, ಜೇನುಮೇಣ ಬೆರೆಸಿ ಹಚ್ಚುತ್ತಿದ್ದವು. ಈಗ ಬಿಟ್ಟಿದ್ದಾರೆ. ಎಣ್ಣೆ ಹಾಳೆಗೆ ಇಳಿಯುತ್ತದೆ, ದೂಳು ಹಿಡಿಯುತ್ತದೆ, ನಮ್ಮ ಹವೆಯಲ್ಲಿ ಬೂಷ್ಟಿಗೆ ಊಟವಾಗುತ್ತದೆ. ಶೂ ಪಾಲಿಶ್ ಅಂತೂ ಬೇಡವೇ ಬೇಡ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಅಷ್ಟೇ.

ನಾವಿರೋದು ಮಂಗಳೂರು. ಮಳೆಗಾಲದಲ್ಲಿ ಬೂಷ್ಟು ಬರದ ಹಾಗೆ ಏನು ಮಾಡೋದು?

ಇಂಗ್ಲೆಂಡಿನಲ್ಲಿ ನಾನು ಹೆದರುತ್ತಿದ್ದದ್ದು ಹೀಟರ್‌ನ ಒಣ ಗಾಳಿಗೆ. ಇಲ್ಲಿ ತದ್ವಿರುದ್ಧ. ಗಾಳಿಯ ತೇವ 45ರಿಂದ 55 ಶೇಕಡ ಇದ್ದರೆ ಪುಸ್ತಕಕ್ಕೆ ಹಿತ. 65 ದಾಟಿ ಅಲ್ಲೇ ನಿಂತರೆ ಬೂಷ್ಟು ಶುರು. ಮೊದಲು ತೇವ ಅಳೆಯುವ ಸಣ್ಣ ಮೀಟರ್ ತಂದು ಬೀರುವಿನೊಳಗೆ ಇಡಿ. ಸುಮ್ನೆ ಊಹೆ ಮಾಡಬೇಡಿ.

ಬೀರುವನ್ನು ಮಳೆ ಹೊಡೆಯುವ ಹೊರಗೋಡೆಗೆ ತಾಗಿಸಬೇಡಿ. ಒಂದು ಗೇಣು ಜಾಗ ಬಿಡಿ. ಪುಸ್ತಕಗಳನ್ನು ಒತ್ತಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಒಂದು ಕೋಣೆಗೆ ತೇವ ಎಳೆಯುವ ಯಂತ್ರ ಇಟ್ಟರೆ ಒಳ್ಳೆಯದು. ಸಿಲಿಕಾ ಜೆಲ್ ಪೊಟ್ಟಣ ಮುಚ್ಚಿದ ಸಣ್ಣ ಪೆಟ್ಟಿಗೆಗೆ ಸರಿ, ದೊಡ್ಡ ಬೀರುವಿಗೆ ಸಾಲದು.

ಬೂಷ್ಟು ಬಂದೇ ಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹರಡುತ್ತದೆ. ಆ ಪುಸ್ತಕವನ್ನು ಬೇರೆ ಇಟ್ಟು, ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ಹೊರಗೆ ಕೊಡವಿ. ನೇರ ಬಿಸಿಲು ಬೇಡ. ಬಿಸಿಲಿಗೆ ಹಸಿರು ಮೊರಾಕೊ ಕಂದಾಗುತ್ತದೆ.

ಪುಸ್ತಕದಲ್ಲಿ ಸಣ್ಣ ಸಣ್ಣ ತೂತು. ಹುಳ ಇನ್ನೂ ಒಳಗೇ ಇದೆಯಾ?

ಬಿಳಿ ಕಾಗದದ ಮೇಲೆ ಪುಸ್ತಕವನ್ನು ನಿಲ್ಲಿಸಿ, ಮೆಲ್ಲಗೆ ತಟ್ಟಿ, ಒಂದು ವಾರ ಬಿಡಿ. ಹೊಸ ಪುಡಿ ಉದುರಿದ್ದರೆ ಹುಳ ಇದೆ. ಇಲ್ಲದಿದ್ದರೆ ತೂತು ಇನ್ನೂರು ವರ್ಷ ಹಳೆಯದೂ ಇರಬಹುದು.

ಹುಳ ಇದ್ದರೆ ಗಾಳಿ ತೆಗೆದ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿ ಇಡುತ್ತೇನೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚುವುದಿಲ್ಲ, ಬಿಚ್ಚಿದರೆ ಹಾಳೆಯ ಮೇಲೆ ನೀರು ಕೂರುತ್ತದೆ. ವೆಲಮ್ ಪುಸ್ತಕಕ್ಕೆ ಇದು ಬೇಡ. ಬೇವಿನ ಎಲೆ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿಡುವ ಅಭ್ಯಾಸ ನನಗೂ ಇದೆ. ಎಲೆಯನ್ನು ಪುಟದೊಳಗೆ ಮಾತ್ರ ಇಡಬೇಡಿ, ಕಲೆಯಾಗುತ್ತದೆ.

ಬಿಳಿ ಗ್ಲೌಸ್ ಹಾಕ್ಕೋಬೇಕಾ?

ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಗ್ಲೌಸ್‌ನಲ್ಲಿ ಹಾಳೆಯ ತೆಳುವು ಗೊತ್ತಾಗುವುದಿಲ್ಲ, ಹರಿಯುತ್ತದೆ. ಬೀರುವಿನಿಂದ ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯಬೇಡಿ. ಅಕ್ಕಪಕ್ಕದ ಪುಸ್ತಕಗಳನ್ನು ಒಳಗೆ ತಳ್ಳಿ, ನಡು ಹಿಡಿದು ತೆಗೆಯಿರಿ.

ಹಸಿರು ಪುಸ್ತಕದಲ್ಲಿ ವಿಷ ಇರುತ್ತಂತೆ?

ಚರ್ಮದ ವಿಷಯ ಅಲ್ಲ ಅದು. ಹತ್ತೊಂಬತ್ತನೇ ಶತಮಾನದ ನಡುಭಾಗದ ಕೆಲವು ಹೊಳೆಯುವ ಪಚ್ಚೆ ಹಸಿರು ಬಟ್ಟೆ ಹೊದಿಕೆಗಳಲ್ಲಿ ಆರ್ಸೆನಿಕ್ ಇದೆ. ಅಮೆರಿಕದ ವಿಂಟರ್‌ಥರ್ ಮ್ಯೂಸಿಯಂನವರು 2019ರಿಂದ ಇದನ್ನು ಪರೀಕ್ಷಿಸುತ್ತಿದ್ದಾರೆ. ಅಂಥ ಪುಸ್ತಕ ಇದ್ದರೆ ಜಿಪ್ ಚೀಲದಲ್ಲಿ ಬೇರೆ ಇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

## ಇನ್ನೂ ಒಳಗೆ ಹೋಗುವವರಿಗೆ

ಮೊದಲ ಮುದ್ರಣ ಅಂತ ಹೇಗೆ ಖಚಿತ ಮಾಡಿಕೊಳ್ಳೋದು?

ಇಸವಿ ಸರಿ ಇದ್ದರೆ ಸಾಲದು. ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಉದಾಹರಣೆ ನೋಡಿ. 1667ರ ಮೊದಲ ಮುದ್ರಣ ನಿಧಾನವಾಗಿ ಮಾರಾಟವಾಯಿತು. ಹಾಗಾಗಿ ಅದೇ ಹಾಳೆಗಳಿಗೆ 1668, 1669 ಅಂತ ಹೊಸ ಶೀರ್ಷಿಕೆ ಪುಟ ಹಾಕಿದರು. ಇಸವಿ ಬೇರೆ, ಮುದ್ರಣ ಒಂದೇ. ಮೊದಲ ಮುದ್ರಣದಲ್ಲಿ ಕಾವ್ಯ 10 ಭಾಗ. ನಾವು ಓದುವ 12 ಭಾಗಗಳ ರೂಪ 1674ರ ಎರಡನೆಯದು.

ಸ್ಕಾಟ್ಲೆಂಡಿನ ಕವಿ ಬರ್ನ್ಸ್‌ನ 1787ರ ಎಡಿನ್‌ಬರಾ ಮುದ್ರಣದ ಕಥೆ ಇನ್ನೂ ಸೊಗಸು. ಹ್ಯಾಗಿಸ್ ತಿನಿಸಿನ ಮೇಲಿನ ಪದ್ಯದಲ್ಲಿ 'ಸ್ಕಿಂಕಿಂಗ್' ಅಂದರೆ ನೀರು ನೀರಾದ ಅನ್ನುವ ಪದ ಇದೆ. ಪ್ರತಿ ಸಾಲದೆ ಮತ್ತೆ ಅಕ್ಷರ ಜೋಡಿಸುವಾಗ ಅದು 'ಸ್ಟಿಂಕಿಂಗ್' ಆಯಿತು, ನಾರುವ ಅಂತ. ಆ ಒಂದು ಅಕ್ಷರದಿಂದ ಯಾವುದು ಮೊದಲು ಅಚ್ಚಾದದ್ದು ಅಂತ ಇಂದಿಗೂ ಹೇಳುತ್ತಾರೆ.

ನಕಲಿ ಪುಸ್ತಕಗಳೂ ಇರುತ್ತವಾ?

ಇವೆ. ಅತಿ ದೊಡ್ಡ ಮೋಸ ಮಾಡಿದವನು ಸಾಮಾನ್ಯ ಕಳ್ಳನಲ್ಲ, ತನ್ನ ಕಾಲದ ಬಹುದೊಡ್ಡ ಸಂಗ್ರಾಹಕ ಟಿ.ಜೆ. ವೈಸ್. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ 'ಸಾನೆಟ್ಸ್ ಫ್ರಂ ದಿ ಪೋರ್ಚುಗೀಸ್' 1850ರ ಸಂಪುಟದಲ್ಲಿ ಮೊದಲು ಬಂದದ್ದು. ಅದಕ್ಕೂ ಮುಂಚೆ 1847ರಲ್ಲಿ ರೆಡಿಂಗ್ ಊರಿನಲ್ಲಿ ಖಾಸಗಿಯಾಗಿ ಅಚ್ಚಾಗಿತ್ತು ಅಂತ ತೋರಿಸುವ ಒಂದು ಪುಟ್ಟ ಪುಸ್ತಕ ಹೊರಬಂತು. ದೊಡ್ಡವರೆಲ್ಲ ಆಸೆಯಿಂದ ಕೊಂಡರು.

1934ರಲ್ಲಿ ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಅನ್ನುವ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು ಅದನ್ನು ಬಯಲಿಗೆಳೆದರು. ಕವಿತೆಯನ್ನಲ್ಲ, ಕಾಗದವನ್ನು ಪರೀಕ್ಷಿಸಿ. ಅದರಲ್ಲಿದ್ದದ್ದು ರಾಸಾಯನಿಕವಾಗಿ ತಯಾರಿಸಿದ ಮರದ ತಿರುಳು. 1847ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಕಾಗದವೇ ಇರಲಿಲ್ಲ. ಅಚ್ಚಿನ ಮೊಳೆಗಳೂ ನಂತರದವು. ಅದೇ ಥರದ ಇನ್ನೂ ಹತ್ತಾರು ಪುಸ್ತಿಕೆಗಳು ಸಿಕ್ಕಿಬಿದ್ದವು.

ನಮ್ಮ ಮಟ್ಟದಲ್ಲಿ ಇಂಥದ್ದು ಅಪರೂಪ. ನಮಗೆ ಎದುರಾಗುವುದು ಮದುವೆ ಮಾಡಿಸಿದ ಪುಸ್ತಕ: ಒಂದರ ಚರ್ಮ, ಇನ್ನೊಂದರ ಹಾಳೆ.

ಅಂಚನ್ನು ಬೀಸಣಿಗೆ ಥರ ಬಗ್ಗಿಸಿದರೆ ಚಿತ್ರ ಕಾಣೋ ಪುಸ್ತಕ ನೋಡಿದೆ. ಕೊಳ್ಳಲಾ?

ಆ ಚಿತ್ರ ಪುಟಗಳ ಮುಂದಂಚಿನ ಮೇಲಿರುತ್ತದೆ, ಮೇಲೆ ಚಿನ್ನ ಲೇಪಿಸಿ ಮುಚ್ಚಿರುತ್ತಾರೆ. ಹದಿನೆಂಟನೇ ಶತಮಾನದ ಕೊನೆಗೆ ಹ್ಯಾಲಿಫ್ಯಾಕ್ಸಿನ ಎಡ್ವರ್ಡ್ಸ್ ಮನೆತನದವರು ಇದನ್ನು ಜನಪ್ರಿಯ ಮಾಡಿದರು. ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಪೇಟೆಯಲ್ಲಿರುವ ಬಹಳಷ್ಟು ಚಿತ್ರಗಳು ಹಳೆಯ ಪುಸ್ತಕದ ಮೇಲೆ ಇಪ್ಪತ್ತನೇ ಶತಮಾನದಲ್ಲಿ ಬಿಡಿಸಿದವು. ಇಷ್ಟವಾದರೆ ಚಿತ್ರಕ್ಕೆಂದು ಕೊಳ್ಳಿ, ಹಳೆಯದೆಂದು ಅಲ್ಲ.

ಯಾವ ಬೈಂಡರ್‌ಗಳ ಹೆಸರು ಗೊತ್ತಿರಬೇಕು?

ರಿವಿಯೇರ್, ಝೇನ್ಸ್‌ಡಾರ್ಫ್, ಬೇಂಟನ್, ಸಾಂಗೋರ್ಸ್ಕಿ ಅಂಡ್ ಸಟ್‌ಕ್ಲಿಫ್. ರಟ್ಟಿನ ಒಳಂಚಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹೆಸರು ಒತ್ತಿರುತ್ತಾರೆ. ಭೂತಗನ್ನಡಿ ಬೇಕು.

ಸಾಂಗೋರ್ಸ್ಕಿ ಹೆಸರು ಬಂದರೆ 'ಗ್ರೇಟ್ ಒಮರ್' ಹೇಳದೆ ಇರಲಾಗುವುದಿಲ್ಲ. ಫಿಟ್ಜ್‌ಜೆರಾಲ್ಡ್ ಇಂಗ್ಲಿಷಿಗೆ ತಂದ ಒಮರ್ ಖಯ್ಯಾಮನ ರುಬಾಯಿಗಳು 1859ರಲ್ಲಿ ಸಾದಾ ಕಾಗದದ ಹೊದಿಕೆಯಲ್ಲಿ ಬಂದಿದ್ದವು, ಕೇಳುವವರಿಲ್ಲದೆ ಒಂದು ಪೆನ್ನಿಗೊಂದು ಮಾರುವ ಅಗ್ಗದ ರಾಶಿಗೆ ಬಿದ್ದಿದ್ದವು. ಅದೇ ಕಾವ್ಯಕ್ಕೆ ಸಾಂಗೋರ್ಸ್ಕಿ ಎರಡು ವರ್ಷ ಕೂತು, ಸಾವಿರಕ್ಕೂ ಹೆಚ್ಚು ರತ್ನ ಕೂರಿಸಿ, ಮೂರು ನವಿಲುಗಳ ಹೊದಿಕೆ ಮಾಡಿದ. 1912ರ ಮಾರ್ಚ್‌ನಲ್ಲಿ ಹರಾಜಾಗಿ 405 ಪೌಂಡಿಗೆ ಹೋಯಿತು. ಅಮೆರಿಕಕ್ಕೆ ಕಳಿಸಲು ಹಡಗು ಹತ್ತಿಸಿದರು. ಆ ಹಡಗು ಟೈಟಾನಿಕ್. ಕೆಲವೇ ವಾರಗಳಲ್ಲಿ ಸಾಂಗೋರ್ಸ್ಕಿಯೂ ಸಮುದ್ರದಲ್ಲಿ ಮುಳುಗಿ ತೀರಿಕೊಂಡ. ನಂತರ ಸ್ಟಾನ್ಲಿ ಬ್ರೇ ಅನ್ನುವ ಬೈಂಡರ್ ಅದೇ ನಕ್ಷೆಯಿಂದ ಇನ್ನೊಂದು ಮಾಡಿದ. ಅದು ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾಯಿತು. ಅವನು ಬಿಡಲಿಲ್ಲ, ಮುದಿ ವಯಸ್ಸಿನಲ್ಲಿ ಮೂರನೆಯದನ್ನು ಮುಗಿಸಿದ. ಅದು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇಲ್ಲಿ ಕೊಂಡ ಹಳೇ ಪುಸ್ತಕವನ್ನ ವಿದೇಶದಲ್ಲಿರೋ ಮಗಳಿಗೆ ಕಳಿಸಬಹುದಾ?

ಸ್ವಲ್ಪ ನಿಲ್ಲಿ. ಭಾರತದಲ್ಲಿ 1972ರ ಪ್ರಾಚೀನ ವಸ್ತುಗಳ ಕಾನೂನು ಇದೆ. ಐತಿಹಾಸಿಕ ಮಹತ್ವದ ವಸ್ತುವಿಗೆ 100 ವರ್ಷ ದಾಟಿದ್ದರೆ, ಮಹತ್ವದ ಹಸ್ತಪ್ರತಿ ಅಥವಾ ದಾಖಲೆಗೆ 75 ವರ್ಷ ದಾಟಿದ್ದರೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಸಾಮಾನ್ಯ ಟೆನಿಸನ್ ಪ್ರತಿ ಆ ಸಾಲಿಗೆ ಬರಲಿಕ್ಕಿಲ್ಲ. ಆದರೂ ಕಸ್ಟಮ್ಸ್‌ನಲ್ಲಿ ತಡೆದರೆ ತೊಂದರೆ. ಪುರಾತತ್ವ ಇಲಾಖೆಯವರಿಂದ ಇದು ಪ್ರಾಚೀನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಪಡೆದು ಕಳಿಸಿ.

ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಅಳಿಸಿ, ಹೊಸದಾಗಿ ಬೈಂಡ್ ಮಾಡಿಸಲಾ?

ಎರಡೂ ಬೇಡ. ರಟ್ಟು ಕಳಚಿದ್ದರೆ ಹತ್ತಿಯ ಪಟ್ಟಿಯಿಂದ ಕಟ್ಟಿಡಿ. ಅಷ್ಟರಲ್ಲೇ ಎಷ್ಟೋ ವರ್ಷ ಇರುತ್ತದೆ.

ನನ್ನ ಹತ್ತಿರ ಕೌಪರ್‌ನ 'ದಿ ಟಾಸ್ಕ್' ಇರುವ ಒಂದು ಪ್ರತಿ ಇದೆ. ಚಳಿಗಾಲದ ಸಂಜೆಯ ಭಾಗದಲ್ಲಿ, ಪರದೆ ಇಳಿಬಿಟ್ಟು ಬೆಂಕಿ ಮುಂದೆ ಚಹಾ ಕಾಯುವ ಸಾಲುಗಳ ಪಕ್ಕ, ಒಬ್ಬ ಓದುಗರು ಸಣ್ಣ ಪೆನ್ಸಿಲ್ ಅಕ್ಷರದಲ್ಲಿ ಉದ್ದಕ್ಕೂ ಏನೇನೋ ಬರೆದಿದ್ದರು. ಅಮ್ಮನ ಬಗ್ಗೆ ಇತ್ತು, ಒಂದು ಊರಿನ ಹೆಸರಿತ್ತು. ಪೂರ್ತಿ ಓದಿ ಬರೆದಿಟ್ಟುಕೊಳ್ಳಬೇಕು ಅಂದುಕೊಂಡೆ, ಮಾಡಲಿಲ್ಲ. ಬೆನ್ನು ಸಡಿಲವಾಗಿತ್ತು ಅಂತ ಒಬ್ಬ ಬೈಂಡರ್‌ಗೆ ಕೊಟ್ಟೆ. ಅವರು ಅಂಚು ನೇರ ಮಾಡಲು ಮೂರೂ ಕಡೆ ಕತ್ತರಿಸಿ, ಹೊಳೆಯುವ ಕೆಂಪು ಚರ್ಮ ಹಾಕಿ ಕೊಟ್ಟರು. ಅವರ ಲೆಕ್ಕದಲ್ಲಿ ಒಳ್ಳೆಯ ಕೆಲಸವೇ. ಈಗ ಆ ಬರಹದಲ್ಲಿ ಪ್ರತಿ ಸಾಲಿನ ಮೊದಲ ಎರಡು ಮೂರು ಅಕ್ಷರ ಮಾತ್ರ ಉಳಿದಿವೆ.

ಅಂದಿನಿಂದ ರಿಪೇರಿಗೆ ಕೊಡುವ ಮುಂಚೆ ಪ್ರತಿ ಪುಟದ ಫೋಟೊ ತೆಗೆಯುತ್ತೇನೆ. ಅಂಚು ಕತ್ತರಿಸಬೇಡಿ, ಹಳೆ ಬೆನ್ನು ಎಸೆಯಬೇಡಿ, ಚೀಟಿ ಕೀಳಬೇಡಿ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಪುಸ್ತಕದೊಳಗೆ ಇಟ್ಟೇ ಕೊಡುತ್ತೇನೆ. ಬಾಯಲ್ಲೂ ಹೇಳುತ್ತೇನೆ, ಎರಡು ಸಲ.